ಆಢ್ಯನಲ್ಲದ ರೋಗಿ

ಶರಣಧರ್ಮವು ದೇಹವನ್ನು ಹಳಿಯುವ ಧರ್ಮವಲ್ಲ. ದೇಹವನ್ನು ದಂಡಿಸಿ ಒಣಗಿಸಿ ಅದರಿಂದ ಪಾರಾಗುವುದೇ ಪರಮಾರ್ಥವೆಂದು ಬಗೆದವರ ದಾರಿಯನ್ನು ಹನ್ನೆರಡನೆಯ ಶತಮಾನದ ಶಿವಶರಣರು ಹಿಡಿಯಲಿಲ್ಲ. ಇಷ್ಟಲಿಂಗವನ್ನು ಧರಿಸುವುದು ಈ ದೇಹ. ಕಾಯಕವನ್ನು ನಡೆಸುವುದು ಈ ದೇಹ. ಜಂಗಮಕ್ಕೆ ನೀಡುವ ಕೈಯೂ ಈ ದೇಹದ್ದೇ. ಆದುದರಿಂದಲೇ ಅವರು ಅಂಗವನ್ನು ಲಿಂಗದ ನೆಲೆಯೆಂದು ಗೌರವಿಸಿದರು. ಇಂತಹ ದೇಹಕ್ಕೆ ರೋಗವು ಬಂದೊದಗಿದಾಗ ಚಿಕಿತ್ಸೆಯನ್ನು ಮಾಡಿಸುವುದು ಕೇವಲ ಲೌಕಿಕ ವ್ಯವಹಾರವಲ್ಲ, ಗೃಹಸ್ಥನ ಧರ್ಮವೂ ಹೌದು. ಆದರೆ ಈ ಧರ್ಮವನ್ನು ಪಾಲಿಸಲು ಇಂದು ಎಷ್ಟು ಹಣ ಬೇಕು? ಆ ಹಣವಿಲ್ಲದವನ ಗತಿಯೇನು? ಅವನ ವಿಷಯದಲ್ಲಿ ಹಣವುಳ್ಳವನ, ಆರೋಗ್ಯವುಳ್ಳವನ ಹೊಣೆಯೇನು? ಈ ಪ್ರಶ್ನೆಗಳನ್ನು ಸದ್ಭಕ್ತರ ಮುಂದಿಟ್ಟು ವಿಚಾರಮಾಡುವುದೇ ಈ ಲೇಖನದ ಉದ್ದೇಶವು.

ನಮ್ಮ ಆಯುರ್ವೇದಶಾಸ್ತ್ರವು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧದ್ರವ್ಯ, ಪರಿಚಾರಕ, ರೋಗಿ. ಈ ಒಂದೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳಿರಬೇಕು. ರೋಗಿಗೆ ಇರಬೇಕಾದ ಗುಣಗಳಾವುವು ಎಂಬಲ್ಲಿ ಎರಡು ಪ್ರಾಚೀನ ಗ್ರಂಥಗಳು ಸ್ವಲ್ಪ ಬೇರೆಯಾಗಿ ನುಡಿಯುತ್ತವೆ. ಚರಕಸಂಹಿತೆಯು ರೋಗಿಗೆ ನೆನಪು, ವೈದ್ಯನು ಹೇಳಿದಂತೆ ನಡೆಯುವಿಕೆ, ಧೈರ್ಯ, ತನ್ನ ರೋಗವನ್ನು ಬಿಡಿಸಿ ಹೇಳುವ ಶಕ್ತಿ ಇವಿಷ್ಟನ್ನು ಕೇಳುತ್ತದೆ. ವಾಗ್ಭಟನ ಅಷ್ಟಾಂಗಹೃದಯವಾದರೋ ಮೊದಲನೆಯ ಅಧ್ಯಾಯದಲ್ಲಿಯೇ ರೋಗಿಯು ಆಢ್ಯನಾಗಿರಬೇಕು, ಎಂದರೆ ಧನವಂತನಾಗಿರಬೇಕು ಎಂದು ಹೇಳಿ, ಉಳಿದ ಗುಣಗಳನ್ನು ಅನಂತರ ಎಣಿಸುತ್ತದೆ. ವಾಗ್ಭಟನು ನಿರ್ದಯನೆಂದು ಇದರಿಂದ ತಿಳಿಯಬಾರದು. ದ್ರವ್ಯವಿಲ್ಲದೆ ಔಷಧವಿಲ್ಲವೆಂಬ ಲೋಕದ ಸ್ಥಿತಿಯನ್ನು ಆತನು ಮುಚ್ಚುಮರೆಯಿಲ್ಲದೆ ಬರೆದಿಟ್ಟನು. ಚರಕನು ರೋಗಿಯಲ್ಲಿ ಮನುಷ್ಯನ ಗುಣಗಳನ್ನು ಮಾತ್ರ ಹುಡುಕಿದನು. ವಾಗ್ಭಟನು ಅವನ ಗಂಟನ್ನೂ ನೋಡಿದನು. ನಮ್ಮ ಕಾಲವು ವಾಗ್ಭಟನ ಮಾತನ್ನೇ ಹಿಡಿದು, ಅದರಲ್ಲಿಯೂ ಮೊದಲನೆಯ ಗುಣವೊಂದನ್ನೇ ಉಳಿಸಿಕೊಂಡಿದೆಯೋ ಎಂಬ ಶಂಕೆಯು ಮೂಡುವಂತಾಗಿದೆ.

ಚಿಕಿತ್ಸೆಯ ವೆಚ್ಚವು ಏಕೆ ಏರಿತು? ವೈದ್ಯರೆಲ್ಲರೂ ಲೋಭಿಗಳಾದರೆಂದು ಹೇಳಿ ಮುಗಿಸಿಬಿಡುವುದು ಸುಲಭ, ಆದರೆ ಅದು ನ್ಯಾಯವಲ್ಲ. ಹಿಂದೆ ಜ್ವರ, ವಿಷೂಚಿಗಳು ಬಂದು ಒಂದೋ ಮನುಷ್ಯನನ್ನು ಕೊಂಡೊಯ್ಯುತ್ತಿದ್ದವು, ಇಲ್ಲವೇ ಬಿಟ್ಟುಹೋಗುತ್ತಿದ್ದವು. ಇಂದಿನ ಮಧುಮೇಹ, ರಕ್ತದೊತ್ತಡ, ಹೃದ್ರೋಗ, ಮೂತ್ರಪಿಂಡದ ರೋಗಗಳು ಮನೆಯೊಳಗೆ ಅಳಿಯನಂತೆ ಬಂದು ಮೂವತ್ತು ವರ್ಷ ಉಳಿಯುತ್ತವೆ. ಪ್ರತಿ ತಿಂಗಳೂ ಅವುಗಳ ಸತ್ಕಾರಕ್ಕೆ ಹಣ ಬೇಕು. ಆಯುಷ್ಯವು ಬೆಳೆದಿದೆ, ಆಯುಷ್ಯದೊಡನೆ ಮುಪ್ಪಿನ ರೋಗಗಳೂ ಬೆಳೆದಿವೆ. ದೇಹದ ಒಳಗನ್ನು ತೋರಿಸುವ ಯಂತ್ರಗಳೂ, ಅವುಗಳನ್ನು ನಡೆಸಬಲ್ಲ ತಜ್ಞರೂ, ಹೊಸ ಹೊಸ ಔಷಧಗಳೂ ಬಂದಿವೆ. ಇವೆಲ್ಲವೂ ಉಪಕಾರಕವೇ ಆದರೂ ಒಂದಕ್ಕೂ ಬೆಲೆಯಿಲ್ಲದಿಲ್ಲ. ಇದರ ಮೇಲೆ ಲಾಭವನ್ನೇ ಗುರಿಯಾಗಿಟ್ಟುಕೊಂಡ ಆಸ್ಪತ್ರೆಗಳೂ ಇವೆಯೆಂಬುದನ್ನು ಅಲ್ಲಗಳೆಯಲಾಗದು. ಚಿಕಿತ್ಸೆಯ ಬೆಲೆ ಏರಿದಂತೆ ವಿಮೆಯ ಕಂತೂ ಏರುತ್ತದೆ. ವಯಸ್ಸು ಏರಿದಂತೆ ಇನ್ನಷ್ಟು ಏರುತ್ತದೆ.

ನಮ್ಮ ದೇಶದ ಒಟ್ಟು ಆರೋಗ್ಯವೆಚ್ಚದಲ್ಲಿ ಜನರು ತಮ್ಮ ಕೈಯಿಂದಲೇ ತೆರುವ ಪಾಲು 2013-14ರಲ್ಲಿ ನೂರಕ್ಕೆ 64.2ರಷ್ಟಿದ್ದು, 2021-22ರ ವೇಳೆಗೆ 39.4ಕ್ಕೆ ಇಳಿದಿತ್ತೆಂದು ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರಗಳು ತೋರಿಸುತ್ತವೆ. ಇದು ಸಂತೋಷದ ಸಂಗತಿಯೇ ಸರಿ. ಆದರೂ ನೂರರಲ್ಲಿ ಮೂವತ್ತೊಂಬತ್ತು ಎಂದರೆ ಅಲ್ಪವಲ್ಲ. ತೆಂಗಿನ ಬೆಲೆ, ಹಾಲಿನ ಬೆಲೆ, ಆಲೂಗಡ್ಡೆಯ ಬೆಲೆಗಳನ್ನು ನಂಬಿದ ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಸೀಮೆಯ ಸಂಸಾರಗಳಲ್ಲಿ ಈ ಪಾಲು ಬರುವುದು ಉಳಿತಾಯದಿಂದಲ್ಲ. ಒಡವೆಯ ಅಡವಿನಿಂದ, ಕರೆಯುವ ಹಸುವಿನ ಮಾರಾಟದಿಂದ, ಕೈಸಾಲದಿಂದ.

ಕ್ರಿ. ಶ. 2025ರ ಜೂನ್, ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳ ಸುದ್ದಿಯು ಒಂದರ ಮೇಲೊಂದು ಬಂದು ಜನರನ್ನು ನಡುಗಿಸಿದ್ದನ್ನು ವಾಚಕರು ಮರೆತಿರಲಾರರು. ಭಯಗೊಂಡ ಜನರು ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಗಾಗುವ ಮೊದಲೇ ಸಾಲುಗಟ್ಟಿದರು. ಸರ್ಕಾರವು ಆಗ ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ. ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿಯನ್ನು ನೇಮಿಸಿತು. ಸಾವುಗಳಲ್ಲಿ ಅಸಾಧಾರಣವಾದ ಏರಿಕೆಯು ಕಂಡುಬಂದಿಲ್ಲವೆಂದೂ, ಮಧುಮೇಹ, ರಕ್ತದೊತ್ತಡ, ಧೂಮಪಾನ, ಮದ್ಯಪಾನಗಳಂತಹ ಪರಿಚಿತ ಕಾರಣಗಳೇ ಹಿಂದಿರುವುವೆಂದೂ ಸಮಿತಿಯು ತಿಳಿಸಿತು. ಭಯವು ಶಮನವಾಯಿತು. ಆದರೆ ಆ ಸಾಲುಗಳು ಒಂದು ಸತ್ಯವನ್ನು ಹೊರಗೆಡಹಿದುವು. ಎಷ್ಟೋ ಮಂದಿ ಎದೆಯ ನೋವನ್ನು ವರ್ಷಗಟ್ಟಲೆ ಅದುಮಿಟ್ಟುಕೊಂಡು, ಸಾವಿನ ಭಯವು ಖರ್ಚಿನ ಭಯವನ್ನು ಮೀರಿದ ದಿನ ಮಾತ್ರ ಆಸ್ಪತ್ರೆಯ ಬಾಗಿಲಿಗೆ ಬಂದಿದ್ದರು.

ಇಲ್ಲಿ ಎಲ್ಲರ ಮನೆಯ ಒಂದು ಮಾತನ್ನು ಹೇಳದೆ ಇರಲಾಗದು. ಮನೆಯ ಹಿರಿಯರು, ಅದರಲ್ಲಿಯೂ ತಾಯಂದಿರು, ಕಾಯಿಲೆ ಬಿದ್ದಾಗ “ನನ್ನದೇನಪ್ಪ, ಕಂಡಷ್ಟು ಕಂಡಾಯಿತು, ನನಗೆ ದುಡ್ಡು ಸುರಿಯಬೇಡಿ, ಮೊಮ್ಮಗಳ ಓದಿಗೆ ಇರಲಿ” ಎನ್ನುತ್ತಾರೆ. ಕೇಳಿದ ಮಕ್ಕಳು ಕಣ್ಣು ಒರೆಸಿಕೊಂಡು “ನಮ್ಮವ್ವ ವೈರಾಗ್ಯಶಾಲಿ” ಎಂದು ಕೊಂಡಾಡುತ್ತಾರೆ. ಇದು ವೈರಾಗ್ಯವೇ? ಅರಿವಿನಿಂದ ಬಂದ ವೈರಾಗ್ಯವು ಬೇರೆ. ಆಸ್ಪತ್ರೆಯ ಲೆಕ್ಕದ ಚೀಟಿಯ ಭಯದಿಂದ ಬಂದ ಮಾತು ಬೇರೆ. ಚಿಕಿತ್ಸೆಗೆ ಹಣ ಹತ್ತುವುದಿಲ್ಲವೆಂದು ತಿಳಿದರೆ ಅದೇ ತಾಯಿಯು “ಹಾಗಾದರೆ ಕರೆದುಕೊಂಡು ಹೋಗಪ್ಪ” ಎನ್ನುವಳಾದರೆ, ಮೊದಲಿನ ಮಾತನ್ನು ಆಡಿದವಳು ಆಕೆಯಲ್ಲ, ಬೆಲೆಯು ಆಕೆಯ ಬಾಯಿಂದ ಆಡಿಸಿತು. ಬೆಲೆಯು ಆಡಿಸಿದ ಮಾತಿಗೆ ವೈರಾಗ್ಯವೆಂಬ ಹೆಸರಿಟ್ಟು ನಾವು ಸಮಾಧಾನ ತಂದುಕೊಳ್ಳುವುದು ಧರ್ಮವಲ್ಲ.

ಇನ್ನು ವಿಮೆಯ ವಿಷಯ. ಕೆಲವು ಸಾತ್ವಿಕರಾದ ಭಕ್ತರು ಒಂದು ಪ್ರಶ್ನೆಯನ್ನು ಎತ್ತುವುದುಂಟು. ಶರಣರು ನಾಳೆಗೆಂದು ಕೂಡಿಡುವುದನ್ನು ಒಪ್ಪಲಿಲ್ಲ. ಹೀಗಿರುವಾಗ ಬಾರದ ರೋಗಕ್ಕೆಂದು ವರ್ಷವರ್ಷವೂ ಹಣ ಕಟ್ಟುವುದು ಶಿವನಲ್ಲಿ ಅಪನಂಬಿಕೆಯಲ್ಲವೇ ಎಂದು. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಆಯ್ದಕ್ಕಿ ಮಾರಯ್ಯನು ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಪತ್ನಿಯಾದ ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಅಕ್ಕಿಯ ಹಿಡಿಯೊಂದು ಹೆಚ್ಚಾದುದಕ್ಕೆ ಅಳುಕಿದ ಆ ತಾಯಿಯು ವಿಮೆಯ ಕಂತನ್ನು ಕಂಡಿದ್ದರೆ ಏನೆನ್ನುತ್ತಿದ್ದಳು?

ಇದಕ್ಕೆ ಉತ್ತರ ಹೇಳುವ ಮೊದಲು ಸಂಚಯಕ್ಕೂ ಸಮರ್ಪಣೆಗೂ ಇರುವ ಭೇದವನ್ನು ಅರಿಯಬೇಕು. ಲಕ್ಕಮ್ಮನು ಬೇಡವೆಂದುದು ಸಂಚಯವನ್ನು: ನನ್ನದಾಗಿ, ನನ್ನ ಕಣಜದಲ್ಲಿ, ನನ್ನ ನಾಳೆಗೆ ಉಳಿಯುವ ಅಕ್ಕಿಯನ್ನು. ವಿಮೆಗೆ ಕಟ್ಟಿದ ಹಣವು ನನ್ನ ಕಣಜದಲ್ಲಿ ಉಳಿಯುವುದಿಲ್ಲ. ನಾನು ಆ ವರ್ಷ ಆರೋಗ್ಯವಾಗಿದ್ದರೆ, ಹೆಸರು ಊರು ಅರಿಯದ ಯಾವನೋ ಒಬ್ಬ ರೋಗಿಯ ಹಾಸಿಗೆಯ ಬಳಿಗೆ ಅದು ಹೋಗುತ್ತದೆ. ಅವನು ನನ್ನನ್ನು ಕಂಡು ಕೈಮುಗಿಯಬೇಕಾಗಿಲ್ಲ. ನಾನು ಕೊಟ್ಟೆನೆಂಬ ಹಮ್ಮಿಗೂ ಎಡೆಯಿಲ್ಲ. ಮಾಡುವವನಲ್ಲಿ ‘ನಾನು ಮಾಡಿದೆ’ ಎಂಬ ಭಾವವು ಅಳಿಯಬೇಕೆಂದು ಶರಣರು ದಾಸೋಹಕ್ಕೆ ಇಟ್ಟ ಕಟ್ಟಳೆಗೆ ಇದು ಎಷ್ಟು ಹತ್ತಿರವಾಗಿದೆ! “ಹತ್ತು ವರ್ಷ ಕಟ್ಟಿದೆ, ಒಂದು ದಿನವೂ ಆಸ್ಪತ್ರೆ ಸೇರಲಿಲ್ಲ, ಹಣ ನೀರಿಗೆ ಬಿತ್ತು” ಎಂದು ಹಲುಬುವ ಗೃಹಸ್ಥನನ್ನು ಎಲ್ಲ ಊರಿನಲ್ಲಿಯೂ ಕಾಣುತ್ತೇವೆ. ಆತನಿಗೆ ನಾವು ಹೇಳತಕ್ಕದ್ದು ಇಷ್ಟೇ: ಅಯ್ಯಾ, ನೀನು ಆರೋಗ್ಯವಾಗಿ ಉಳಿದೆ, ನಿನ್ನ ಹಣವು ಇನ್ನೊಬ್ಬನನ್ನು ಉಳಿಸಿತು, ಇದರಲ್ಲಿ ನಷ್ಟವಾದುದೇನು?

ಆದರೆ ವ್ಯಾಪಾರವನ್ನೇ ದಾಸೋಹವೆಂದು ಕರೆದು ಮೋಸಹೋಗಬಾರದು. ದಾಸೋಹದ ಪಂಕ್ತಿಯಲ್ಲಿ ವಯಸ್ಸನ್ನು ಕೇಳುವುದಿಲ್ಲ, ಹಸಿವು ಹೆಚ್ಚಿರುವವನನ್ನು ಹೊರಗೆ ನಿಲ್ಲಿಸುವುದಿಲ್ಲ. ವಿಮೆಯ ವ್ಯಾಪಾರದಲ್ಲಿ ಮುದುಕನಿಗೆ ಕಂತು ಹೆಚ್ಚು. ರೋಗಿಗೆ ಇನ್ನೂ ಹೆಚ್ಚು. ಕೆಲವರಿಗೆ ಬಾಗಿಲೇ ತೆರೆಯುವುದಿಲ್ಲ. ಈ ಕಾಠಿಣ್ಯವನ್ನು ತಗ್ಗಿಸಲು ಕೆಲವು ಕಟ್ಟಳೆಗಳು ಬಂದಿವೆ. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಮೊದಲೇ ಇದ್ದ ರೋಗಕ್ಕೆ ಕಾಯಬೇಕಾದ ಅವಧಿಯು ಮೂರು ವರ್ಷವನ್ನು ಮೀರಬಾರದೆಂದು ವಿಧಿಸಿತು. 2025ರ ಜನವರಿಯಲ್ಲಿ, ಅರವತ್ತು ದಾಟಿದವರ ಕಂತನ್ನು ತನ್ನೊಡನೆ ಸಮಾಲೋಚಿಸದೆ ವರ್ಷಕ್ಕೆ ನೂರಕ್ಕೆ ಹತ್ತಕ್ಕಿಂತ ಹೆಚ್ಚಿಸಕೂಡದೆಂದಿತು. ಅದೇ ವರ್ಷದ ಸೆಪ್ಟೆಂಬರ್ 22ರಿಂದ, ವ್ಯಕ್ತಿಗಳೂ ಕುಟುಂಬಗಳೂ ತಾವಾಗಿ ಕೊಳ್ಳುವ ಆರೋಗ್ಯವಿಮೆಯ ಮೇಲಿದ್ದ ನೂರಕ್ಕೆ ಹದಿನೆಂಟರ ತೆರಿಗೆಯನ್ನು ತೆಗೆಯಲಾಯಿತು. ಇವು ಹಿತವೇ ಆದರೂ, ನಿತ್ಯದ ದುಡಿಮೆಯ ಸಂಸಾರಕ್ಕೆ ಆ ಬಾಗಿಲು ಇಂದಿಗೂ ಎತ್ತರವೇ.

ಕಂತು ಏಕೆ ಏರುತ್ತದೆಂಬುದನ್ನು ಒಂದು ಲೆಕ್ಕದಿಂದ ತಿಳಿಯೋಣ. ಸಾವಿರ ಮನೆಗಳು ತಲಾ 500 ರೂಪಾಯಿ ಹಾಕಿದರೆ 5 ಲಕ್ಷವಾಗುತ್ತದೆ. ಆ ವರ್ಷ ಐದು ಮನೆಗಳಿಗೆ ತಲಾ 1 ಲಕ್ಷದ ಚಿಕಿತ್ಸೆ ಬೇಕಾದರೆ ಹಣವು ಸರಿಹೋಯಿತು. ಮುಂದಿನ ವರ್ಷ “ನಮಗೇನೂ ಕಾಯಿಲೆಯಿಲ್ಲ” ಎಂದು ಇನ್ನೂರು ಮನೆಗಳವರು ಬಿಟ್ಟರೆನ್ನೋಣ. ರೋಗಿಗಳು ಬಿಡುವುದಿಲ್ಲ, ಬೇಕಾದ ಹಣ ಅಷ್ಟೇ ಇರುತ್ತದೆ. ಉಳಿದ ಎಂಟುನೂರು ಮನೆಗಳವರು ತಲಾ 625 ರೂಪಾಯಿ ಹಾಕಬೇಕು. ಅದು ಹೆಚ್ಚಾಯಿತೆಂದು ಇನ್ನು ಮುನ್ನೂರು ಮನೆಗಳವರು ಬಿಟ್ಟರೆ, ಉಳಿದವರ ಪಾಲು 1000 ರೂಪಾಯಿ. ಕೊನೆಗೆ ಉಳಿಯುವವರು ರೋಗಿಗಳು ಮಾತ್ರ. ಆಗ ಬುಟ್ಟಿಯೇ ಮುರಿಯುತ್ತದೆ. ಆದುದರಿಂದ ಆರೋಗ್ಯವಂತನು ಬಿಡದೆ ನಿಲ್ಲುವುದು ಆತನ ಜಾಣತನದ ಪ್ರಶ್ನೆ ಮಾತ್ರವಲ್ಲ, ನೀತಿಯ ಪ್ರಶ್ನೆಯಾಗಿದೆ. ರೋಗ ಬಂದ ಮೇಲೆ ಸೇರಿ, ವಾಸಿಯಾದೊಡನೆ ಬಿಡುವವನು ಪಂಕ್ತಿಯಲ್ಲಿ ಉಂಡು ಬಡಿಸದೆ ಹೋಗುವವನಂತೆ.

ನಮ್ಮ ನಾಡಿನಲ್ಲಿಯೇ ಈ ತತ್ತ್ವವು ಆಚರಣೆಗೆ ಬಂದ ಒಂದು ನಿದರ್ಶನವಿದೆ. ಹೃದ್ರೋಗತಜ್ಞರಾದ ಡಾ. ದೇವಿ ಶೆಟ್ಟಿಯವರ ಆಲೋಚನೆಯಿಂದ ಮೂಡಿ, ಎಸ್. ಎಂ. ಕೃಷ್ಣ ಅವರು ಮುಖ್ಯಮಂತ್ರಿಗಳಾಗಿದ್ದಾಗ 2002ರ ನವೆಂಬರಿನಲ್ಲಿ ಉದ್ಘಾಟನೆಗೊಂಡು, 2003ರ ಜೂನ್ 1ರಿಂದ ನಡೆಯತೊಡಗಿದ ಯಶಸ್ವಿನಿ ಯೋಜನೆಯೇ ಅದು. ಸಹಕಾರ ಸಂಘದ ಸದಸ್ಯನಾದ ರೈತನು ತಿಂಗಳಿಗೆ ಐದು ರೂಪಾಯಿಯಂತೆ ವರ್ಷಕ್ಕೆ ಅರವತ್ತು ರೂಪಾಯಿ ವಂತಿಗೆ ಕೊಟ್ಟರೆ, ಒಪ್ಪಿದ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೆ ಹಣ ತೆರಬೇಕಾಗಿರಲಿಲ್ಲ. ಮೊದಲ ವರ್ಷದಲ್ಲಿಯೇ ಸುಮಾರು 16 ಲಕ್ಷ ಜನರು ಸೇರಿದರು. ಜನರ ವಂತಿಗೆಯೊಂದೇ ಸಾಲದೆ ಸರ್ಕಾರವೂ ಕೈಜೋಡಿಸಬೇಕಾಯಿತು. ವಂತಿಗೆಯೂ ಕ್ರಮೇಣ ಏರಿತು. 2018ರಲ್ಲಿ ಅದು ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಲೀನವಾಗಿ ನಿಂತಿತು. ಸಹಕಾರಿಗಳ ಒತ್ತಾಯದಿಂದ 2023ರ ಜನವರಿಯಲ್ಲಿ ಮತ್ತೆ ಆರಂಭವಾದಾಗ, ನಾಲ್ಕು ಮಂದಿಯ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ವಂತಿಗೆಯೆಂದೂ, 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯೆಂದೂ ನಿಗದಿಯಾಯಿತು. ಊರಿನ ಹಾಲಿನ ಡೇರಿಯಲ್ಲಿ ಬೆಳಿಗ್ಗೆ ಹಾಲು ಹಾಕುವ ಸಾಲಿನಲ್ಲಿ ನಿಂತವರೇ ಒಬ್ಬರ ಶಸ್ತ್ರಚಿಕಿತ್ಸೆಗೆ ಮತ್ತೊಬ್ಬರು ಆಧಾರವಾದರು. ವಾಗ್ಭಟನು ರೋಗಿಯು ಆಢ್ಯನಾಗಿರಬೇಕೆಂದನಷ್ಟೆ. ಇಲ್ಲಿ ಆಢ್ಯರಲ್ಲದ ಲಕ್ಷಾಂತರ ಮಂದಿ ಸೇರಿ, ತಮ್ಮಲ್ಲಿ ಯಾರು ಹಾಸಿಗೆ ಹಿಡಿದರೋ ಅವರನ್ನು ಆ ಹೊತ್ತಿಗೆ ಆಢ್ಯರನ್ನಾಗಿ ಮಾಡಿದರು. ಶಾಸ್ತ್ರದ ಮಾತೂ ಉಳಿಯಿತು, ಬಡವನೂ ಉಳಿದನು.

ಇದರೊಡನೆ ರಾಜ್ಯದ ಹೊಣೆಯನ್ನೂ ಎತ್ತಿ ಹೇಳಬೇಕು. 2018ರ ಅಕ್ಟೋಬರಿನಿಂದ ಆಯುಷ್ಮಾನ್ ಭಾರತ-ಆರೋಗ್ಯ ಕರ್ನಾಟಕವೆಂಬ ಹೆಸರಿನಲ್ಲಿ ಬಡತನದ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷದವರೆಗೆ ಆಸ್ಪತ್ರೆಯ ಚಿಕಿತ್ಸೆಯನ್ನೂ, ಉಳಿದವರಿಗೆ ನಿಗದಿತ ದರದ ನೂರಕ್ಕೆ ಮೂವತ್ತರ ನೆರವನ್ನೂ ಏರ್ಪಡಿಸಲಾಯಿತು. ಹೃದಯದ ರಕ್ತನಾಳಕ್ಕೆ ಇಡುವ ಔಷಧಲೇಪಿತ ಸ್ಟೆಂಟಿಗೆ 2017ರ ಫೆಬ್ರವರಿಯಲ್ಲಿ ಕೇಂದ್ರದ ಬೆಲೆ ನಿಯಂತ್ರಕರು 29,600 ರೂಪಾಯಿಗಳ ಮಿತಿಯನ್ನು ಹಾಕಿದರು. ಅಲ್ಲಿಯವರೆಗೆ ಲಕ್ಷವನ್ನು ದಾಟುತ್ತಿದ್ದ ವಸ್ತುವು ಒಂದೇ ಆಜ್ಞೆಯಿಂದ ಆ ಬೆಲೆಗೆ ದೊರೆಯಿತೆಂದರೆ, ಹಿಂದಿನ ಬೆಲೆಯಲ್ಲಿ ಎಷ್ಟು ಪಾಲು ನ್ಯಾಯದ್ದಾಗಿತ್ತೆಂದು ಕೇಳದಿರಲಾದೀತೇ? ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ, ಹೃದಯಾಘಾತವಾದವನಿಗೆ ರಕ್ತದ ಹೆಪ್ಪನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿ ಬೆಲೆಯಿಲ್ಲದೆ ಕೊಡುವ ಏರ್ಪಾಡಾಗಿದೆ. ಹೊರಗೆ ಕೊಂಡರೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. ಎದೆ ಹಿಡಿದುಕೊಂಡವನನ್ನು ಮನೆಯಲ್ಲಿಯೇ ಕಷಾಯ ಕೊಟ್ಟು ಮಲಗಿಸದೆ, ದೂರದ ಊರಿಗೂ ಓಡಿಸದೆ, ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯುವುದು ಪ್ರತಿಯೊಬ್ಬ ಗೃಹಸ್ಥನೂ ನೆನಪಿಡಬೇಕಾದ ಮಾತು.

ವೈದ್ಯರಿಗೂ ಎರಡು ಮಾತು ವಿನಯದಿಂದ ಹೇಳಬೇಕು. ಶರಣರ ಸಮೂಹದಲ್ಲಿ ವೈದ್ಯ ಸಂಗಣ್ಣನೆಂಬ ಶರಣನಿದ್ದನು. ವೈದ್ಯವೇ ಆತನ ಕಾಯಕ. ಕಾಯಕವೆಂದರೆ ಪ್ರತಿಫಲವಿಲ್ಲದ ದುಡಿಮೆಯೆಂದಲ್ಲ. ಮಾರಯ್ಯನೂ ಅಕ್ಕಿಯನ್ನು ತಂದನು. ದುಡಿಮೆಗೆ ತಕ್ಕಷ್ಟನ್ನು ತರುವುದು ಕಾಯಕ, ಮೀರಿ ತರುವುದು ಲೋಭ. ಹಗಲಿರುಳು ದುಡಿಯುವ ವೈದ್ಯನು ತಕ್ಕ ಸಂಭಾವನೆಯನ್ನು ಪಡೆಯಲಿ. ಆದರೆ ರೋಗಿಗೆ ಬೇಡದ ಪರೀಕ್ಷೆ, ಬೇಡದ ಔಷಧ, ಬೇಡದ ಹಾಸಿಗೆಯ ದಿನ, ಇವು ಲಕ್ಕಮ್ಮನು ಹಿಂದಕ್ಕೆ ಕಳುಹಿಸಿದ ಹೆಚ್ಚಿನ ಅಕ್ಕಿಯೇ ಆಗಿವೆ. ವಿಮೆಯಿದೆಯೆಂದು ತಿಳಿದೊಡನೆ ಲೆಕ್ಕವು ಉಬ್ಬಿದರೆ, ಉಬ್ಬಿದ ಭಾಗವನ್ನು ತೆರುವವನು ಕಂಪನಿಯವನಲ್ಲ. ಮುಂದಿನ ವರ್ಷ ಏರಿದ ಕಂತನ್ನು ಕಟ್ಟಲಾರದೆ ಬಿಡುವ ಬಡ ಸಂಸಾರವೇ.

ಗೃಹಸ್ಥನು ಮಾಡತಕ್ಕದ್ದೇನು? ಮೊದಲನೆಯದಾಗಿ, ವಿಮೆಯ ಅರ್ಜಿಯಲ್ಲಿ ಸತ್ಯವನ್ನೇ ಬರೆಯಬೇಕು. ಇರುವ ಮಧುಮೇಹವನ್ನು ಇಲ್ಲವೆಂದು ಬರೆದರೆ, ನುಡಿಯು ಕೆಡುವುದಲ್ಲದೆ ಆಪತ್ಕಾಲದಲ್ಲಿ ಹಣವೂ ಕೈಬಿಡುವುದು. ಎರಡನೆಯದಾಗಿ, ತನ್ನ ಕುಟುಂಬಕ್ಕೆ ಸಲ್ಲುವ ಸರ್ಕಾರದ ಚೀಟಿ, ಸಹಕಾರ ಸಂಘದ ಸದಸ್ಯತ್ವ ಮುಂತಾದುವನ್ನು ಆರೋಗ್ಯವಿರುವಾಗಲೇ ಸಿದ್ಧಮಾಡಿಕೊಳ್ಳಬೇಕು. ಮೂರನೆಯದಾಗಿ, ಖರ್ಚಿಲ್ಲದ ಚಿಕಿತ್ಸೆಯಾದ ಮಿತಾಹಾರ, ನಡಿಗೆ, ಹೊಗೆಸೊಪ್ಪು ಮದ್ಯಗಳ ತ್ಯಾಗ ಇವನ್ನು ಹಿಡಿಯಬೇಕು. ಅರಕಲಗೂಡಿನ ಹೊಲಗಳಲ್ಲಿ ಹೊಗೆಸೊಪ್ಪನ್ನು ಬೆಳೆದು ಜೀವಿಸುವ ರೈತನನ್ನು ಜರೆಯುವುದು ನಮ್ಮ ಇಷ್ಟವಲ್ಲ. ಸೇದುವವನು ತನ್ನ ಎದೆಯ ಲೆಕ್ಕವನ್ನು ತಾನೇ ನೋಡಿಕೊಳ್ಳಲಿ. ನಾಲ್ಕನೆಯದಾಗಿ, ಮದುವೆಯ ಚಪ್ಪರಕ್ಕೆ ಲಕ್ಷಗಟ್ಟಲೆ ಸುರಿದು, ತಾಯಿಯ ರಕ್ತಪರೀಕ್ಷೆಗೆ ಕೈ ಬಿಗಿಹಿಡಿಯುವ ವಿಪರೀತವನ್ನು ಬಿಡಬೇಕು.

ಐದನೆಯದು ಎಲ್ಲಕ್ಕಿಂತ ಮುಖ್ಯವಾದುದು. ಶಾಸ್ತ್ರವು ಹೇಳಿದ ನಾಲ್ಕು ಪಾದಗಳಲ್ಲಿ ಪರಿಚಾರಕನೆಂಬ ಪಾದಕ್ಕೆ ಹಣ ಬೇಕಾಗಿಲ್ಲ. ಹಾಸನದ ಚಾಮರಾಜೇಂದ್ರ ಆಸ್ಪತ್ರೆಗೆ ಹಳ್ಳಿಯಿಂದ ಬಂದ ಒಂಟಿ ರೋಗಿಗೆ ಯಾವ ಕೊಠಡಿಗೆ ಹೋಗಬೇಕೆಂದು ತೋರಿಸುವವರು, ಚೀಟಿಯನ್ನು ಓದಿ ಹೇಳುವವರು, ಅರ್ಜಿಯನ್ನು ತುಂಬಿಕೊಡುವವರು, ರಾತ್ರಿ ಬಳಿಯಲ್ಲಿ ಕುಳಿತುಕೊಳ್ಳುವವರು ಬೇಕು. ಎಷ್ಟೋ ಬಡವರು ತಮಗೆ ಸಲ್ಲುವ ನೆರವನ್ನು ಪಡೆಯದೆ ಸಾಲಮಾಡುವುದು ಹಣದ ಅಭಾವದಿಂದಲ್ಲ, ಜೊತೆಯವರ ಅಭಾವದಿಂದ. ಓದು ಬಲ್ಲ ನಮ್ಮ ಯುವಕರು ತಿಂಗಳಿಗೆ ಒಂದು ದಿನವನ್ನು ಈ ಕೆಲಸಕ್ಕೆ ಮುಡಿಪಾಗಿಟ್ಟರೆ, ಅನ್ನದಾಸೋಹ, ಜ್ಞಾನದಾಸೋಹಗಳ ಪಕ್ಕದಲ್ಲಿ ಆರೋಗ್ಯದಾಸೋಹವೂ ನೆಲೆಗೊಳ್ಳುವುದರಲ್ಲಿ ಸಂದೇಹವಿಲ್ಲ.

ಮರಣವನ್ನು ಯಾವ ವಿಮೆಯೂ ತಡೆಯಲಾರದು. ಶರಣರು ಮರಣಕ್ಕೆ ಅಂಜಿದವರೂ ಅಲ್ಲ. ಆದರೆ ಬದುಕಬಹುದಾದವನು ಹಣವಿಲ್ಲದ ಒಂದೇ ಕಾರಣದಿಂದ ಸಾಯುವುದನ್ನು ನೋಡುತ್ತ, ಅದನ್ನು ಶಿವಸಂಕಲ್ಪವೆಂದು ಹೇಳಿ ಪಕ್ಕಕ್ಕೆ ಸರಿಯಲು ನಮಗೆ ಅಧಿಕಾರವಿಲ್ಲ. ಈ ವರ್ಷದ ವಂತಿಗೆಯ ದಿನ ಬಂದಾಗ, ಆರೋಗ್ಯವಾಗಿರುವ ಸದ್ಭಕ್ತನು “ನನಗೇಕೆ?” ಎಂದು ಕೇಳದೆ, “ಯಾರಿಗಾದರೂ ಆಗಲಿ” ಎಂದು ಶಿವಾರ್ಪಣಬುದ್ಧಿಯಿಂದ ಕೊಡಲಿ; ತನ್ನ ಮನೆಯ ಮುದುಕಿಗೆ “ಅವ್ವಾ, ಖರ್ಚಿನ ಮಾತು ಬಿಡು, ನೋವು ಎಲ್ಲಿದೆ ಹೇಳು” ಎಂದು ಕೇಳಲಿ. ಸರ್ವರಿಗೂ ಆರೋಗ್ಯಭಾಗ್ಯವು ಲಭಿಸಲೆಂದು ಪ್ರಾರ್ಥಿಸಿ ವಿರಮಿಸುತ್ತೇವೆ. ಶರಣು ಶರಣಾರ್ಥಿ.